ಮೀನಿನ ದಾಯಾದಿಗಳು

ಚಿಕ್ಕಮ್ಮ,

ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ನಾನು ಬರೆದ ವಂಶವೃಕ್ಷದ ಪಟದಿಂದ ಮನುಷ್ಯನ ಕೊಂಬೆಯನ್ನು ಹೆಡ್‌ಮಾಸ್ಟರ್ ಮಕ್ಕಳೆದುರೇ ಕತ್ತರಿಸಿ ಹಾಕಿದರು. ಬೆನ್ನುಮೂಳೆಯ ಪ್ರಾಣಿಗಳೆಲ್ಲ ಒಂದೇ ವಂಶವೆಂದು ಮೀನು, ಕಪ್ಪೆ, ಹಸು, ಮನುಷ್ಯರನ್ನು ಒಂದೇ ಮರದಲ್ಲಿ ಬರೆದಿದ್ದೆ.

"ಮೀನು ನಮ್ಗೆ ದಾಯಾದಿ ಆದ್ರೆ, ಅದು ಸತ್ತಾಗ ಸೂತಕ ಹಿಡೀಬೇಕೇನಮ್ಮ?" ಎಂದು ಒಬ್ಬ ಪೋಷಕರು ಸಿಡುಕಿದರು.

"ಸೂತಕ ಬೇಡ ಸಾರ್, ನಿಮ್ ಬೆನ್ನು ಮುಟ್ಟಿ ನೋಡ್ಕೊಳ್ಳಿ ಸಾಕು," ಅಂದೆ. ಅಷ್ಟಕ್ಕೇ ಕತ್ತರಿ ಬಂತು.

ಸೋಮವಾರ ಕ್ಷಮಾಪಣೆ ಬರೆದುಕೊಡದಿದ್ದರೆ ಕೆಲಸವಿಲ್ಲವಂತೆ. ಮಕ್ಕಳಿಗೆ ಸುಳ್ಳು ಕಲಿಸುವ ಕೆಲಸ ನನಗೆ ಬೇಡ. ಪತ್ರದ ಬದಲು ಹೆಡ್‌ಮಾಸ್ಟರರ ಮೇಜಿನ ಮೇಲೆ ಮೀನಿನ ಬೆನ್ನುಮೂಳೆ ಇಡುತ್ತೇನೆ. ತುಮಕೂರಿನ ನೀರು ಒಗ್ಗದೆ ನನಗೆ ನೆಗಡಿಯಾಗಿದೆ, ಜ್ವರವಿಲ್ಲ. ಕೆರೆ ಮೀನು ತಂದಾಗ ನಡುಮುಳ್ಳನ್ನು ಮುರಿಯದೆ ತೊಳೆದು ಒಣಗಿಸಿಡು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗುಬ್ಬಿ ಬಸ್ ನಿಲ್ದಾಣಕ್ಕೆ ತಾ.

ಶಶಿಕಲಾ