ಮೇಜಿಗೆ ಕಟ್ಟಿದ ಗಂಟೆ

ಅಪ್ಪಾ,

ನಾನು ನೇಯ್ಗೆಗೆ ಹೊರಟೆ. ನೀನು ಗರಡಿಮನೆ ಕಡೆ ತಲೆ ಹಾಕಬೇಡ. ಹೋದ ವಾರವೂ "ಸುಮ್ನೆ ನೋಡ್ಕೊಂಡು ಬರ್ತೀನಿ ಮಗಳೇ" ಅಂದಿದ್ದೆ. ಅಲ್ಲಿ ಡೋಲು ಬಾರಿಸುವ ಮೊರ್ಷೆದ್ ಗುರುಗಳು ನಿನ್ನ ಗೌರವಕ್ಕೆ ಗಂಟೆ ಬಾರಿಸಿದ್ದೇ ತಡ, ಕಣಕ್ಕಿಳಿದು ಬುಗುರಿಯ ಹಾಗೆ ಸುತ್ತಿದೆ. ಮನೆಗೆ ಬಂದದ್ದು ಇಬ್ಬರ ಹೆಗಲ ಮೇಲೆ. ದೇವ್‌ ರಾಕ್ಷಸನನ್ನು ಎತ್ತಿ ಒಗೆದ ಪೈಲ್ವಾನನ ಮಂಡಿ ಮರುದಿನ ಹೇಗಿತ್ತೆಂದು ಅಜ್ಜಿ ಕಥೆಯಲ್ಲಿ ಹೇಳಿರಲೇ ಇಲ್ಲ. ಈಗ ಗೊತ್ತಾಯಿತು.

ಫ್ರಿಜ್ಜಿನ ಐಸು ಮಂಡಿಗೆ, ನಿನ್ನ ಶರಬತ್ತಿಗಲ್ಲ. ಊಟಕ್ಕೆ ನೆಲದ ಮೇಲೆ ಕೂರಬೇಡ.

ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರು. ಅದಕ್ಕೇ ನಿನ್ನ ಕುರ್ಚಿಯೆದುರಿನ ಮೇಜಿಗೆ ಮೇಕೆಯ ಗಂಟೆ ಕಟ್ಟಿದ್ದೇನೆ. ಕೂತಲ್ಲೇ ಕಾಲನ್ನು ನಿಧಾನವಾಗಿ ನೆಟ್ಟಗೆ ಚಾಚಿದರೆ ಹೆಬ್ಬೆರಳು ತಾಗಿ ಅದು ಸದ್ದು ಮಾಡುತ್ತದೆ. ಮಹಡಿಯ ಮಾಹ್ರುಖ್ ಅತ್ತೆ ಕಿವಿಗೊಟ್ಟು ಕೂತಿರುತ್ತಾರೆ. ಗಂಟೆ ಕೇಳಿದಾಗಲೆಲ್ಲ, ಗರಡಿಯಲ್ಲಿ ಕೂಗುವ ಹಾಗೆ, ಅಲ್ಲಿಂದಲೇ ನಿನಗೆ ಜೈಕಾರ ಹಾಕುತ್ತಾರಂತೆ. ಕೇಳದಿದ್ದರೆ ಅವರೇ ಕೆಳಗಿಳಿದು ಬರುತ್ತಾರೆ. ಆಮೇಲೆ ದೇವ್‌ನೇ ವಾಸಿ ಅನ್ನಿಸಿದರೆ ನನ್ನನ್ನು ಬೈಯಬೇಡ.

ನೌರೋಜ್ ಹಬ್ಬಕ್ಕೆ ಗರಡಿಯ ಗಂಟೆ ಬಾರಿಸಲಿ, ನಾನೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಮಾತ್ರ ನಿನ್ನ ಕಾಲಲ್ಲೇ ನಡೆದು ಬರಬೇಕು, ನನ್ನ ಪೈಲ್ವಾನಾ.

ಪರಸ್ತು