ಓಹಾಯೋದ ಒಂಬತ್ತು ಗಂಟೆ

ಹಿಲೊ, ಹವಾಯಿ,
ಮಾರ್ಚ್ 22, ಭಾನುವಾರ, ಸಂಜೆ ಐದೂಕಾಲು

ಪ್ರೀತಿಯ ಅಮ್ಮಾ,

ಅನ್ನದ ಕುಕ್ಕರ್ ಟಕ್ಕೆಂದಿತು, ಎಚ್ಚರವಾಯಿತು. ಕುರ್ಚಿಯಲ್ಲಿ ಕೂತಲ್ಲೇ ಹತ್ತು ನಿಮಿಷ ಜೊಂಪು ಹತ್ತಿತ್ತು. ಈ ವಾರದ ದೊಡ್ಡ ನಿದ್ದೆ ಅದೇ. ನಿನ್ನ ಮಂಡಿನೋವು ಹೇಗಿದೆ? ಹೋಟೆಲಿನ ಅಡುಗೆಮನೆಯಲ್ಲಿ ಆ ಗಟ್ಟಿ ನೆಲದ ಮೇಲೆ ನಿಲ್ಲುವಾಗ ನಾನು ಕಳಿಸಿದ ಪಟ್ಟಿ ಕಟ್ಟಿಕೊಳ್ಳುತ್ತೀಯಾ, ಇಲ್ಲ ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆಯಾ? ಲಾಸ್ ವೇಗಸ್ಸಿನಲ್ಲಿ ಈಗ ಎಂಟೂಕಾಲು, ಫೋನಿನ ಸದ್ದಡಗಿಸಿ ಮಲಗಿರುತ್ತೀಯ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಾಫಿ ಕುಡಿಯುತ್ತ ಫೋನಿನಲ್ಲಿ ಈ ಮೇಲ್ ಓದುವಾಗ ಇಲ್ಲಿ ರಾತ್ರಿ ಒಂದೂವರೆ.

ನಿನ್ನ ಮೊಮ್ಮಗಳು ನೋಯೆಗೆ ಎರಡನೇ ಹಲ್ಲು ಬಂತು. ನಿನ್ನ ಅಳಿಯ ಡ್ಯಾರೆನ್ ಅವಳನ್ನೆತ್ತಿ ಅಡುಗೆಮನೆಯ ತುಂಬ ಕುಣಿದ. ನಾನು ಕ್ಯಾಲೆಂಡರಿನಲ್ಲಿ ತಾರೀಕು ಬರೆದು, ಪಕ್ಕದ ಮನೆಯ ಮಗುವನ್ನು ನೋಡುವ ಹಾಗೆ ನೋಡುತ್ತ ನಿಂತೆ. ಅದಿರಲಿ.

ಓಹಾಯೋದ ಫಾರ್ಮಸಿ ಕಾಲೇಜಿನವರು ಇನ್ನೊಂದು ಸಲ ಸಂದರ್ಶನಕ್ಕೆ ಒಪ್ಪಿದ್ದಾರೆ. ನಾಳೆ ಅವರ ಒಂಬತ್ತು ಗಂಟೆಗೆ, ಅಂದರೆ ನಮ್ಮ ಬೆಳಗಿನ ಜಾವ ಮೂರಕ್ಕೆ, ಕಂಪ್ಯೂಟರಿನಲ್ಲೇ. ಊರಿನ ಕಾಲೇಜಿನಲ್ಲಿ ಸೀಟಿಲ್ಲ ಎಂದಾದ ಮೇಲೆ ಉಳಿದಿರುವುದು ಇದೊಂದೇ. ಇದೂ ಹೋದರೆ ನಾಲ್ಕು ವರ್ಷದ ಓದು ಗೋಡೆಯ ಮೇಲಿನ ಚೌಕಟ್ಟಾಗಿ ಉಳಿಯುತ್ತದೆ, ಅಷ್ಟೆ.

ಹೋದ ಸಲದ ಕಥೆ ಫೆಲಿ ಚಿಕ್ಕಮ್ಮ ನಿನಗೂ ಹೇಳಿರುತ್ತಾಳೆ. ಚರ್ಚಿನಲ್ಲಿ ಒಬ್ಬರನ್ನೂ ಬಿಟ್ಟಿಲ್ಲ. ಸಂದರ್ಶನದ ಹಿಂದಿನ ದಿನವೇ ಅಲ್ಲಿಯವರು ಪ್ರತಿ ಮಾರ್ಚಿನಂತೆ ಬೇಸಿಗೆಯ ಲೆಕ್ಕಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ನಮ್ಮ ದ್ವೀಪದಲ್ಲಿ ಯಾರೂ ಗಡಿಯಾರ ಮುಟ್ಟುವುದಿಲ್ಲವಲ್ಲ, ಐದು ಗಂಟೆಯ ಅಂತರ ಆರಾದದ್ದು ತಿಳಿಯದೆ ನಾಲ್ಕಕ್ಕೆ ಕೂತೆ, ಎಲ್ಲ ಮುಗಿದಿತ್ತು. ಯಾರೂ ಬಯ್ಯಲಿಲ್ಲ. "ಅವ್ರು ಮುಳ್ಳು ತಿರುಗಿಸಿದ್ರೆ ಸೂರ್ಯ ಬಂದು ಸಲಾಮ್ ಹೊಡೀತಾನೇನೇ?" ಎಂದಳು ಚಿಕ್ಕಮ್ಮ. ನಾನು ಕೆಲಸ ಮಾಡುವ ಔಷಧಿ ಅಂಗಡಿಯ ನಕಶಿಮಾ ಸಾಹೇಬರು, ತಟ್ಟೆಯ ಮೇಲೆ ಮಾತ್ರೆಗಳನ್ನು ಐದೈದಾಗಿ ಸರಿಸಿ ಎಣಿಸಲು ನನಗೆ ಕಲಿಸಿದವರು, "ಐದೈದು ಅಂತ ನಾನೇ ನಿನ್ನ ಕೆಡಿಸ್ದೆ ಕಣಮ್ಮ, ಆರು ಅನ್ನೋದೇ ಮರ್ತ್‌ಹೋಯ್ತು ನಿಂಗೆ" ಎಂದು ನಕ್ಕರು. ಆಮೇಲೆ ಅವರೇ ಓಹಾಯೋಗೆ ಬರೆದರು: ಈ ಹುಡುಗಿ ಮೂರು ವರ್ಷದಲ್ಲಿ ಒಂದು ಮಾತ್ರೆಯನ್ನೂ ತಪ್ಪು ಎಣಿಸಿಲ್ಲ, ದಯವಿಟ್ಟು ಒಂದು ಗಂಟೆಯನ್ನು ಕ್ಷಮಿಸಿ. ನನಗೂ ಓದಲು ಕೊಟ್ಟರು. ಥ್ಯಾಂಕ್ಸ್ ಎಂದು ಹೇಳಿ ಮುಂದಿನ ಚೀಟಿ ಎತ್ತಿಕೊಂಡೆ.

ತಯಾರಿಗೆ ಕೊರತೆಯಿಲ್ಲ. ಸಾವಯವ ರಸಾಯನಶಾಸ್ತ್ರದಲ್ಲಿ ಎರಡನೇ ಸಲಕ್ಕೆ ಎ ಗ್ರೇಡ್ ಬಂತು. ಬಸುರಿ ಹೊಟ್ಟೆ ಮೇಜಿಗೆ ತಾಗುತ್ತಿದ್ದರೂ ಅಂಗರಚನೆಯ ಪ್ರಯೋಗ ಒಂದನ್ನೂ ತಪ್ಪಿಸಲಿಲ್ಲ. ಈ ಓದು ಯಾಕೆ ಬೇಕು ಎಂದು ಕೇಳಿಯೇ ಕೇಳುತ್ತಾರೆ. ಅಜ್ಜಿಗೆ ಇಬ್ಬರು ಡಾಕ್ಟರು ಒಂದೇ ರಕ್ತದೊತ್ತಡದ ಮಾತ್ರೆಯನ್ನು ಎರಡು ಹೆಸರಿನಲ್ಲಿ ಬರೆದುಕೊಟ್ಟದ್ದು, ಎರಡೂ ಸೀಸೆ ಎತ್ತಿ ಹಿಡಿದು ನಕಶಿಮಾ ಸಾಹೇಬರು ಅದನ್ನು ಪತ್ತೆ ಮಾಡಿದ್ದು, ಎಲ್ಲ ಬಾಯಿಪಾಠವಾಗಿದೆ. ಡ್ಯಾರೆನ್ ಎದುರು ಇಪ್ಪತ್ತು ಸಲ ಒಪ್ಪಿಸಿದೆ. "ಚೆನ್ನಾಗೇ ಹೇಳ್ತೀಯ ಕಣೇ, ಆದ್ರೆ ಬಸ್ ಹೊರಡೋ ಟೈಮ್ ಹೇಳ್ದಂಗೆ ಹೇಳ್ತೀಯ" ಎಂದ. ಇಪ್ಪತ್ತೊಂದನೇ ಸಲವೂ ಹಾಗೇ ಬಂತು.

ಇವತ್ತು ಚರ್ಚಿನಲ್ಲಿ ನಿನ್ನ ಹೆಸರಿಗೊಂದು ಮೇಣದಬತ್ತಿ ಹಚ್ಚಿದೆ. ನೋಯೆಯ ಒದ್ದೆ ಮುತ್ತುಗಳು ನಿನಗೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಡನೆಲ್

ತಾ.ಕ.: ಅಮ್ಮಾ, ಇದನ್ನು ಡ್ಯಾರೆನ್‌ಗೂ ಹೇಳಿಲ್ಲ. ಆವತ್ತು ನನಗೆ ಗಂಟೆ ತಪ್ಪಲಿಲ್ಲ. ಎರಡೂವರೆಗೇ ತಲೆ ಬಾಚಿ, ಬಿಳಿ ಅಂಗಿ ಹಾಕಿಕೊಂಡು ಕೂತಿದ್ದೆ. ಮೂರಕ್ಕೆ ಪರದೆಯ ಮೇಲೆ ಒಳಗೆ ಹೋಗುವ ಗುಂಡಿ ಬಂತು. ಒತ್ತಲಿಲ್ಲ. ಭಯವಾಗಲಿಲ್ಲ, ಅಳುವೂ ಬರಲಿಲ್ಲ; ಕೈ ತೊಡೆಯ ಮೇಲಿತ್ತು, ಅಲ್ಲೇ ಇತ್ತು. ನಾಲ್ಕರ ತನಕ ಅದನ್ನೇ ನೋಡುತ್ತ ಕೂತಿದ್ದೆ. ಗಡಿಯಾರದ ಕಥೆ ಆಮೇಲೆ ಕಟ್ಟಿದ್ದು. ಇಲ್ಲಿ ಎಲ್ಲರಿಗೂ ಒಮ್ಮೆಯಾದರೂ ಇಂಥ ಗಂಟೆಯ ಎಡವಟ್ಟು ಆಗಿರುವುದರಿಂದ ಎಲ್ಲರೂ ನಂಬಿದರು. ಓದಿದ ಕೂಡಲೇ ಫೋನ್ ಮಾಡು. ಎಬ್ಬಿಸುವುದಕ್ಕಲ್ಲ, ಎದ್ದೇ ಇರುತ್ತೇನೆ. ನಾನು ಗುಂಡಿ ಒತ್ತುವ ತನಕ ಫೋನಿಡಬೇಡ, ಬಯ್ದರೂ ಸರಿ, ಏನಾದರೂ ಮಾತಾಡುತ್ತಿರು. ಬೆಳಗಾದ ಮೇಲೆ ಮಾಡಬೇಡ ಅಮ್ಮಾ, ಅದಕ್ಕೂ ಮೊದಲೇ ಮಾಡು.