ಅಣ್ಣನ ಕೆಂಪು ಪೆನ್ನು

ಮಾರ್ಚ್ 3, ಬೆಳಗ್ಗೆ 10
ಮಕ್ಕಳ ಆಸ್ಪತ್ರೆಗೆ ದೇಣಿಗೆ ಕೇಳೋ ಪತ್ರ, ಈ ತಿಂಗಳ ಎರಡನೇದು. ಅದೇ ಸೂತ್ರ. ಒಂದೇ ಮಗುವಿನ ಕಥೆ. 'ನೀವು' ಅಂತ ಹತ್ತು ಸಲ. ಒಂದು ಗಡುವು. ಕೊನೇಲಿ ತಾ.ಕ. — ಜನ ಮೊದಲು ಓದೋದೇ ಅದನ್ನ. ಎಲ್ಲಾ ಅಣ್ಣ ಕಲಿಸಿದ್ದು. ಇದೇ ಆಫೀಸು, ಇದೇ ಮೇಜು, ಅವನ ಕೈಲಿ ಕೆಂಪು ಪೆನ್ನು.

ಮಧ್ಯಾಹ್ನ 2.30
ರಿಪೋರ್ಟ್ ಬಂತು. ತಂಗಿಗೆ ನನ್ನ ಕಿಡ್ನಿ ಆಗಲ್ಲವಂತೆ. ನಂಗೇ ಶುಗರ್! ಅಮ್ಮಂದು ಡಾಕ್ಟರು ಆಗಲೇ ಬೇಡ ಅಂದಿದ್ದರು. ಉಳಿದವನು ಅಣ್ಣ ಒಬ್ಬನೇ.

ಮಾರ್ಚ್ 4
ಅಣ್ಣ ಮಾತು ಬಿಟ್ಟು ಮೂರು ವರ್ಷ. ಗುಣವಾಗಿ ಮನೆಗೆ ಹೋದ ಹುಡುಗೀನ 'ಇನ್ನೂ ಐಸಿಯುನಲ್ಲಿದ್ದಾಳೆ' ಅಂತ ಬರೆದಿದ್ದೆ. ದೇಣಿಗೆ ಸುರೀತು. ಅವನು ಕೆಲಸಾನೂ ಬಿಟ್ಟ, ಊರೂ ಬಿಟ್ಟ. "ಇನ್ನು ನಿನ್ನ ಒಂದು ಮಾತೂ ನಂಬಲ್ಲ ಕಣೇ." ನಮ್ಮ ಯಾರ ಫೋನೂ ಎತ್ತಲ್ಲ.
ಅಮ್ಮ: "ಊರೋರನ್ನೆಲ್ಲಾ ಅಳಿಸೋ ಹಾಗೆ ಬರೀತೀಯಲ್ಲ, ನಿಮ್ಮಣ್ಣಂಗೆ ನಾಲ್ಕು ಸಾಲು ಗೀಚೇ!"

ಮಾರ್ಚ್ 6
ಐದು ಸಲ ಹರಿದೆ. ಏನು ಬರೆದರೂ ದೇಣಿಗೆ ಪತ್ರಾನೇ! 'ನಿನ್ನಿಂದ ಮಾತ್ರ ಸಾಧ್ಯ'... ಥೂ. ಕಲಿಸಿದವನ ಹತ್ರಾನೇ ಈ ಆಟವಾ?
ತಂಗಿ ಡಯಾಲಿಸಿಸ್ ಮುಗಿಸಿ ಬಂದವಳು ಬಾಗಿಲಲ್ಲೇ ಕೂತುಬಿಟ್ಟಳು. ಚಪ್ಪಲಿ ಬಿಚ್ಚೋಕೂ ಆಗ್ಲಿಲ್ಲ. ನಾನೇ ಬಿಚ್ಚಿದೆ. "ಥ್ಯಾಂಕ್ಯೂ ಮೇಡಂ" ಅಂತ ರೇಗಿಸಿದಳು.
ಕೂತು ಒಂದೇ ಉಸಿರಿಗೆ ಬರೆದು ಪೋಸ್ಟ್ ಮಾಡಿದೆ. ಒಂದು ಸಾಲು ಮಾತ್ರ ಸುಳ್ಳು — 'ಡಾಕ್ಟರು ಹದಿನೈದೇ ದಿನ ಅಂದಿದಾರೆ.' ಹಾಗಂದಿಲ್ಲ. ಗಡುವು ಹಾಕಿ ಹಾಕಿ ರೂಢಿ.

ಮಾರ್ಚ್ 7
ಯಾಕೆ ಬರೆದೆ ಅದನ್ನ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮಾರ್ಚ್ 19, ಮಧ್ಯಾಹ್ನ 1.15
ಬಂತು. ನನ್ನ ಪತ್ರಾನೇ ವಾಪಸ್. ತುಂಬಾ ಕೆಂಪು ಗೆರೆ. 'ನಿನ್ನಿಂದ ಮಾತ್ರ' — ಹೊಡೆದು ಹಾಕಿದಾನೆ. ಹದಿನೈದು ದಿನದ ಸಾಲಿಗೆ ಎರಡೆರಡು ಗೆರೆ, ಪಕ್ಕದಲ್ಲಿ: 'ಸುಳ್ಳು. ಅವಳ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.' ತಂಗೀನ ನಾನೇ ಕೈಯಾರೆ ಕೊಂದೆ ಅನ್ನಿಸ್ತು.
ಒಂದೇ ಒಂದು ಸಾಲು ಮಾತ್ರ ಮುಟ್ಟದೆ ಬಿಟ್ಟಿದಾನೆ. 'ಅವಳ ಚಪ್ಪಲಿ ನಾನೇ ಬಿಚ್ಚಿದೆ ಅಣ್ಣ, ನಂಗೆ ಭಯ ಆಗ್ತಿದೆ.'
ಕೆಳಗೆ ಅವನೇ ತಾ.ಕ. ಸೇರಿಸಿದಾನೆ. ಜೀವನದಲ್ಲಿ ಮೊದಲ ಸಲ ತಾ.ಕ. ಕೊನೇಲಿ ಓದಿದೆ. ಧೈರ್ಯ ಇರಲಿಲ್ಲ.
'ತಾ.ಕ. ಸೋಮವಾರ ಬರ್ತೀನಿ. ಬ್ಲಡ್ ಟೆಸ್ಟ್‌ಗೆ ಖಾಲಿ ಹೊಟ್ಟೇಲಿ ಇರಬೇಕಾ? ನಿಜ ಹೇಳು.'
ಫೋನ್ ಮಾಡ್ತಿದೀನಿ, ಒಂದು ಕೈಲಿ ಬರೀತಾನೇ. ರಿಂಗ್ ಆಗ್ತಿದೆ... ಎತ್ತಿದ. ಅಣ್ಣ, ನಾನು ಕಣೋ —